ಹಾಳಾಗದ ಊರಿನಲ್ಲಿ ಹಾಳು ಹುಡುಕುತ್ತ

ರೋಮಿನ ಬೀದಿಗಳ ಮೂಲೆಮೂಲೆಯಲ್ಲಿ ಎದೆಮಟ್ಟದ ಎರಕದ ಕಬ್ಬಿಣದ ನಲ್ಲಿಗಂಬಗಳಿವೆ. ಬಾಗಿದ ಕೊಳವೆ ಮೂಗಿನ ಹಾಗೆ ಕಾಣುವುದರಿಂದ ಊರವರು ಅದನ್ನು ‘ನಾಸೋನೆ’ ಎನ್ನುತ್ತಾರೆ, ಎಂದರೆ ದೊಡ್ಡಮೂಗ. 1870ರ ದಶಕದಲ್ಲಿ ನೆಡಲು ತೊಡಗಿದ ಈ ನಲ್ಲಿಗಳು ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತವೆ. ಮೊದಲ ದಿನ ನಾನು ಸೊಂಟ ಬಗ್ಗಿಸಿ, ಬೊಗಸೆಯೊಡ್ಡಿ, ಪ್ಯಾಂಟು ತೋಯಿಸಿಕೊಂಡು ನೀರು ಕುಡಿಯುತ್ತಿದ್ದೆ. ನಾಯಿ ಹಿಡಿದು ನಿಂತಿದ್ದ ಅಜ್ಜಿಯೊಬ್ಬರಿಗೆ ನೋಡಲಾಗಲಿಲ್ಲವೇನೋ. ಮಾತಿಲ್ಲದೆ ಮುಂದೆ ಬಂದು ಕೊಳವೆಯ ಬಾಯಿಗೆ ಬೆರಳು ಅದುಮಿದರು. ಕೊಳವೆಯ ಬೆನ್ನ ಮೇಲಿದ್ದ ಸಣ್ಣ ತೂತಿನಿಂದ ನೀರು ಕಮಾನಾಗಿ ಚಿಮ್ಮಿ ನೇರ ಬಾಯಿಗೆ ಬಂತು. ಬೆಳಗಿನಿಂದ ಕೊಲೊಸಿಯಂ ಸುತ್ತಿ ನೂರಾರು ಫೋಟೊ ತೆಗೆದಿದ್ದೆ. ಆದರೆ ಆ ಊರು ನನಗೆ ಏನಾದರೂ ಕಲಿಸಿದ್ದು ಆ ಗಳಿಗೆಯಲ್ಲಿ.

ಪುರಾತನ ನಗರ ನೋಡಲು ಹೊರಟ ಪ್ರವಾಸಿ ನಿಜಕ್ಕೂ ಏನನ್ನು ನೋಡಲು ಹೊರಟಿರುತ್ತಾನೆ? ಹಳೆಯದನ್ನು ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ನಮ್ಮ ಮನಸ್ಸಿನಲ್ಲಿ ಹಳೆಯದಕ್ಕೂ ಹಾಳಾದದ್ದಕ್ಕೂ ಗಂಟು ಬಿದ್ದುಹೋಗಿದೆ. ಹಂಪೆ ಎಂದರೆ ಸಾಲದು, ‘ಹಾಳು ಹಂಪೆ’ ಎನ್ನಬೇಕು. ಮುರಿದ ಕಂಬವೋ ಬೋಳು ಗೋಡೆಯೋ ಕಂಡರೆ ಇತಿಹಾಸವನ್ನೇ ಕಂಡಂತೆ. ಅದೇ ಗೋಡೆಯ ಮೇಲೆ ಯಾರಾದರೂ ಸೀರೆ ಒಣಹಾಕಿದ್ದರೆ ಚಿತ್ರ ಕೆಟ್ಟಿತೆಂದು ಮುಖ ಸಿಂಡರಿಸುತ್ತೇವೆ. ಈ ರುಚಿಯೇ ತಪ್ಪು ಎಂಬುದು ನನ್ನ ವಾದ. ಇದರಿಂದ ಪ್ರವಾಸಿಯ ಕಣ್ಣು ಮಂಜಾಗುವುದಷ್ಟೇ ಅಲ್ಲ, ಹಳೆಯ ಊರುಗಳ ಬಾಳೂ ಕೆಡುತ್ತದೆ.

ರೋಮಿನ ಪ್ಯಾಂಥಿಯಾನ್ ಗುಡಿಯನ್ನೇ ನೋಡಿ. ಅದರ ಗುಮ್ಮಟದ ಅಡ್ಡಳತೆ 43 ಮೀಟರಿಗೂ ಹೆಚ್ಚು, ನೆಲದಿಂದ ನೆತ್ತಿಗೂ ಅಷ್ಟೇ ಎತ್ತರ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟಿನಲ್ಲಿ ಕಟ್ಟಿದ ಗುಮ್ಮಟಗಳಲ್ಲಿ ಇಂದಿಗೂ ಅದೇ ದೊಡ್ಡದು. ನೆತ್ತಿಯಲ್ಲಿ ಬಯಲಿಗೆ ತೆರೆದ ದುಂಡುಕಿಂಡಿ. ಮಳೆ ಬಂದರೆ ಒಳಗೇ ಸುರಿದು, ನೆಲದ ಸಣ್ಣ ತೂತುಗಳಿಂದ ಹರಿದುಹೋಗುತ್ತದೆ. ಈಗಿನ ಕಟ್ಟಡ ಚಕ್ರವರ್ತಿ ಹೇಡ್ರಿಯನ್ ಕಾಲದ್ದು, ಕ್ರಿ.ಶ. 126ರ ಸುಮಾರಿಗೆ ಮುಗಿದದ್ದು. ಹಣೆಯ ಮೇಲೆ ಮಾತ್ರ ಇದನ್ನು ಕಟ್ಟಿಸಿದವನು ಅಗ್ರಿಪ್ಪ ಎಂದು ಕೊರೆದಿದೆ. ಅಗ್ರಿಪ್ಪ ಕಟ್ಟಿಸಿದ್ದ ಮೊದಲ ಗುಡಿ ಸುಟ್ಟುಹೋಗಿತ್ತು; ಹೇಡ್ರಿಯನ್ ಹೊಸದಾಗಿ ಕಟ್ಟಿಸಿ ಹಳಬನ ಹೆಸರನ್ನೇ ಉಳಿಸಿದ. ಇದಕ್ಕೆ ನಮ್ಮಲ್ಲಿ ಒಳ್ಳೆಯ ಪದವಿದೆ: ಜೀರ್ಣೋದ್ಧಾರ. 609ರಲ್ಲಿ ಅದು ಚರ್ಚಾಯಿತು. ರೋಮಿನ ಎಷ್ಟೋ ಗುಡಿಗಳು ಕುಸಿದಾಗ ಇದು ನಿಂತದ್ದು ಗಟ್ಟಿತನದಿಂದ ಮಾತ್ರವಲ್ಲ, ಅಲ್ಲಿ ದೀಪ ಹಚ್ಚುವವರು ಇದ್ದುದರಿಂದ.

ಅಗ್ರಿಪ್ಪನದೇ ಇನ್ನೊಂದು ಕೆಲಸ ಇನ್ನೂ ಬೆರಗಿನದು. ಕ್ರಿ.ಪೂ. 19ರಲ್ಲಿ ಅವನು ಸುಮಾರು 20 ಕಿಲೋಮೀಟರ್ ದೂರದಿಂದ, ಬಹುಪಾಲು ನೆಲದಡಿಯಲ್ಲೇ, ‘ಆಕ್ವಾ ವರ್ಗೊ’ ಎಂಬ ನೀರುಗಾಲುವೆ ತರಿಸಿದ. ಗಾಥರ ಮುತ್ತಿಗೆಯಲ್ಲಿ ರೋಮಿನ ಕಾಲುವೆಗಳು ಕಡಿದುಹೋದ ಮೇಲೂ ಪೋಪರು ಇದನ್ನು ಮತ್ತೆ ಮತ್ತೆ ಹೂಳೆತ್ತಿಸಿ, ಒಡೆದದ್ದನ್ನು ಕಟ್ಟಿಸಿ ಹರಿಸಿದರು. 1762ರಲ್ಲಿ ಪೂರ್ಣವಾದ ತ್ರೇವಿ ಕಾರಂಜಿಗೆ ನೀರು ಬಂದದ್ದು ಈ ಕಾಲುವೆಯಿಂದಲೇ. ಬೆನ್ನು ಹಾಕಿ ನಿಂತು ಭುಜದ ಮೇಲಿಂದ ನಾಣ್ಯ ಎಸೆಯುವ ನಮಗೆ ಕಾಣುವುದು ಅಮೃತಶಿಲೆಯ ಕುದುರೆಗಳು. ಅಲ್ಲಿ ಎಲ್ಲಕ್ಕಿಂತ ಹಳೆಯದು ಶಿಲೆಯಲ್ಲ, ನೀರಿನ ದಾರಿ.

ಈ ಊರಿನಲ್ಲಿ ಕಾಲ ಪಕ್ಕಪಕ್ಕದಲ್ಲಿ ಕೂತಿಲ್ಲ, ಒಂದರ ಹೆಗಲ ಮೇಲೊಂದು ಹತ್ತಿದೆ. ಸಾನ್ ಕ್ಲೆಮೆಂತೆ ಚರ್ಚಿನ ಒಳಗೆ 12ನೆಯ ಶತಮಾನ. ಮೆಟ್ಟಿಲಿಳಿದರೆ ಅದರಡಿ 4ನೆಯ ಶತಮಾನದ ಇನ್ನೊಂದು ಚರ್ಚು. ಮತ್ತೂ ಇಳಿದರೆ ಮೊದಲ ಶತಮಾನದ ಕಟ್ಟಡದ ಗೋಡೆ, ಒಂದು ಇಕ್ಕಟ್ಟಿನ ಓಣಿ, ಮಿತ್ರನೆಂಬ ದೇವರ ಗುಹೆಯಂಥ ಪೂಜಾಸ್ಥಳ. ಅಲ್ಲಿ ಇಟ್ಟಿಗೆ ಗೋಡೆಗೆ ಕೈ ತಾಗಿದರೆ ತಣ್ಣಗೆ ಒದ್ದೆ. ಕಿವಿಗೊಟ್ಟರೆ ಗೋಡೆಯಾಚೆ ಎಲ್ಲೋ ನೀರು ಓಡುವ ಸದ್ದು. ಆಗಸ್ಟಸ್ ಕಾಲದ ಮಾರ್ಸೆಲಸ್ ನಾಟಕಶಾಲೆಯ ಕಮಾನುಗಳ ಮೇಲಂತೂ ಇಂದಿಗೂ ಜನ ಸಂಸಾರ ಮಾಡುತ್ತಿದ್ದಾರೆ.

ಹಾಳನ್ನೇ ಹುಡುಕುವ ಕಣ್ಣಿಗೆ ಈ ಪದರಗಳು ಅಡ್ಡಿ. ಆ ಕಣ್ಣಿನ ಹಿಂದೆ ಅಧಿಕಾರವೂ ಸೇರಿದರೆ ಏನಾಗುತ್ತದೆಂದು ರೋಮೇ ತೋರಿಸಿದೆ. ಮುಸೊಲಿನಿಗೆ ತನ್ನ ಕಚೇರಿಯಿಂದ ಕೊಲೊಸಿಯಂವರೆಗೆ ನೇರ ದಾರಿ ಬೇಕಿತ್ತು, ಪ್ರಾಚೀನ ಸಾಮ್ರಾಜ್ಯದ ಅವಶೇಷ ಅದರ ಇಕ್ಕೆಲದಲ್ಲಿ ಬಿಡಿಬಿಡಿಯಾಗಿ ಕಾಣಬೇಕಿತ್ತು. ನಡುವೆ ನೂರಾರು ವರ್ಷಗಳ ಬಡಾವಣೆಯಿತ್ತು. ಅದನ್ನು ಕೆಡವಿ 1932ರಲ್ಲಿ ದಾರಿ ತೆರೆದರು. ಅಲ್ಲಿದ್ದ ಸಾವಿರಾರು ಜನ ಊರಾಚೆಯ ಬರಡು ವಸತಿಗಳ ಪಾಲಾದರು. ಹಳೆಯ ರೋಮನ್ನು ತೋರಿಸುವ ಹೆಸರಿನಲ್ಲಿ ಹಾಕಿದ ಆ ದಾರಿಯೇ ಹಳೆಯ ಚೌಕಗಳ ದೊಡ್ಡ ಭಾಗವನ್ನು ಮುಚ್ಚಿಹಾಕಿತು. ಗಿಡಗಳಿಗೂ ಇದೇ ಗತಿ. ರಿಚರ್ಡ್ ಡೀಕಿನ್ ಎಂಬ ಇಂಗ್ಲಿಷ್ ವೈದ್ಯ 1855ರಲ್ಲಿ ಕೊಲೊಸಿಯಂನ ಕಲ್ಲುಗಳ ಸಂದಿಯಲ್ಲಿ ಬೆಳೆದ 420 ಬಗೆಯ ಸಸ್ಯಗಳ ಪುಸ್ತಕವನ್ನೇ ಬರೆದ. 1870ರ ಬಳಿಕ ಕಟ್ಟಡವನ್ನು ‘ಶುದ್ಧ’ ಮಾಡುವಾಗ ಅವನ್ನು ಕಿತ್ತರು.

ನಮಗೆ ಇದು ದೂರದ ಕತೆಯಲ್ಲ. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯೆದುರಿನ ಹಂಪೆ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ಬುಲ್ಡೋಜರ್ ತಂದು ಕೆಡವಿದರು. ಬಜಾರೆಂದೇ ಹೆಸರುಳ್ಳ ಬೀದಿಯಲ್ಲಿ ಈಗ ವ್ಯಾಪಾರವಿಲ್ಲ. ಹಾಳು ಹಂಪೆಯನ್ನು ಉಳಿಸಲು ಹೋಗಿ ಅದನ್ನು ಇನ್ನಷ್ಟು ಹಾಳು ಮಾಡಿದೆವೇ ಎಂಬ ಪ್ರಶ್ನೆಯನ್ನು ಸುಲಭಕ್ಕೆ ತಳ್ಳಿಹಾಕುವಂತಿಲ್ಲ.

ಆದರೆ ಎದುರು ವಾದಕ್ಕೂ ತೂಕವಿದೆ. ಬಳಕೆಯೇ ಉಳಿವು ಎಂದುಬಿಟ್ಟರೆ, ಬಳಸಿ ಬಳಸಿ ಮುಗಿಸಿದ್ದನ್ನು ಎಲ್ಲಿಡುವುದು? 1349ರ ಭೂಕಂಪದಲ್ಲಿ ಕೊಲೊಸಿಯಂನ ಒಂದು ಮಗ್ಗುಲು ಕುಸಿದಾಗ ರೋಮಿನವರು ಅದನ್ನು ಕಲ್ಲುಗಣಿ ಮಾಡಿಕೊಂಡರು. ಎಷ್ಟೋ ಅರಮನೆಗಳಿಗೆ ಅದರ ಕಲ್ಲು ಹೋಯಿತು. ಬಾರ್ಬೆರಿನಿ ಮನೆತನದ ಪೋಪ್ ಎಂಟನೆಯ ಅರ್ಬನ್ ಪ್ಯಾಂಥಿಯಾನಿನ ಮುಖಮಂಟಪದ ಕಂಚಿನ ತೊಲೆಗಳನ್ನೇ ಕಳಚಿಸಿ ಫಿರಂಗಿ ಎರಕ ಹೊಯ್ಯಿಸಿದ. ಹಂಪೆಯಲ್ಲೂ ಮಂಟಪದ ಕಂಬಗಳ ನಡುವೆ ಗೋಡೆ ಎಬ್ಬಿಸಿ ಒಲೆ ಹೂಡಿದರೆ ಕೆತ್ತನೆಗೆ ಮಸಿ ಹತ್ತುವುದು ಸುಳ್ಳಲ್ಲ. ಪುರಾತತ್ವದ ಕಾಯಿದೆ ಹುಟ್ಟಿದ್ದು ಸುಮ್ಮನೆ ಅಲ್ಲ.

ಹಾಗಾದರೆ ಯಾವುದು ಸರಿ? ಉತ್ತರ ನಮ್ಮ ಶಾಸನಗಳ ಕೊನೆಯಲ್ಲೇ ಇದೆ. ದಾನ ಕೊಡುವುದಕ್ಕಿಂತ ಹಿಂದಿನವರು ಕೊಟ್ಟ ದಾನವನ್ನು ಪಾಲಿಸುವುದು ದೊಡ್ಡದು ಎಂಬ ಅರ್ಥದ ಮಾತನ್ನು ನೂರಾರು ಕಲ್ಲುಗಳಲ್ಲಿ ಕೊರೆದಿದ್ದಾರೆ. ಪಾಲನೆ ಬರೀ ಬಳಕೆಯಲ್ಲ, ಬೇಲಿ ಹಾಕಿ ಬೀಗ ಜಡಿಯುವುದೂ ಅಲ್ಲ. ಕಲ್ಲು ಕಿತ್ತವನೂ ಕೊಲೊಸಿಯಂ ಬಳಸಿದ, ಕಾಲುವೆಯ ಹೂಳೆತ್ತಿದವನೂ ಆಕ್ವಾ ವರ್ಗೊ ಬಳಸಿದ. ಮೊದಲನೆಯವನು ತೆಗೆದುಕೊಂಡು ಹೋದ, ಎರಡನೆಯವನು ಋಣ ತೀರಿಸುತ್ತ ಬಳಸಿದ. ಕಲ್ಲು ಒಯ್ಯುವುದಕ್ಕೆ ತಡೆ ಬಿದ್ದದ್ದೂ ಗಮನಿಸತಕ್ಕದ್ದು: 18ನೆಯ ಶತಮಾನದ ನಡುವಿನಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಕೊಲೊಸಿಯಂ ಅನ್ನು ಕ್ರಿಸ್ತನ ನೋವಿಗೆ ಮುಡಿಪಾದ ಪವಿತ್ರ ಜಾಗವೆಂದು ಸಾರಿದ. ಹೊಸ ಉಪಯೋಗವೊಂದು ಹುಟ್ಟಿದ ಮೇಲೆ ಅದಕ್ಕೆ ಕಾವಲೂ ಹುಟ್ಟಿತು. ಆದ್ದರಿಂದ ಇಲ್ಲಿರುವವರು ಇರಬೇಕೇ ಬೇಡವೇ ಎಂಬುದು ಸರಿಯಾದ ಪ್ರಶ್ನೆಯಲ್ಲ. ಇರುವವರು ಪಾಲಿಸುತ್ತಿದ್ದಾರೆಯೇ, ಪಾಲಿಸಲು ಅವರಿಗೆ ಹಕ್ಕನ್ನೂ ಹಣವನ್ನೂ ಕೊಟ್ಟಿದ್ದೇವೆಯೇ ಎಂದು ಕೇಳಬೇಕು.

ಇನ್ನು ಪ್ರವಾಸಿ. ಅವನೂ ಬಳಸುವವನೇ, ಆದರೆ ಎರಡು ದಿನದ ಮಟ್ಟಿಗೆ. ಹೂಳೆತ್ತಲು ಅವನಿಂದಾಗದು. ಅವನ ದುಡ್ಡು ಪಾಲನೆಗೂ ಒದಗಬಹುದು, ಒಕ್ಕಲೆಬ್ಬಿಸುವುದಕ್ಕೂ ಒದಗಬಹುದು. ವೆನಿಸ್ ಎರಡನೆಯದಕ್ಕೆ ಸಾಕ್ಷಿ: 1951ರಲ್ಲಿ ಅದರ ಹಳೆಯ ದ್ವೀಪನಗರದಲ್ಲಿ ಸುಮಾರು 1,75,000 ಜನರಿದ್ದರು, ಈಗ 50,000ಕ್ಕೂ ಕಡಿಮೆ. ಕಾರಣ ಪ್ರವಾಸೋದ್ಯಮ ಒಂದೇ ಅಲ್ಲ, ಆದರೆ ಬಾಡಿಗೆಗೆ ಸಿಗಬೇಕಾದ ಮನೆಗಳು ಅತಿಥಿಗಳ ಕೋಣೆಗಳಾದದ್ದು ದೊಡ್ಡ ಕಾರಣ. 2024ರಲ್ಲಿ ಆ ನಗರ ಕೆಲವು ದಿನಗಳಂದು ಬಂದುಹೋಗುವವರಿಂದ 5 ಯೂರೊ ಪ್ರವೇಶಶುಲ್ಕ ಎತ್ತತೊಡಗಿತು. ಊರಿಗೇ ಟಿಕೆಟ್ ಇಟ್ಟರೆ ಅದು ಊರಾಗಿ ಉಳಿಯುವುದೇ ಎಂಬ ಗೊಣಗಾಟ ನ್ಯಾಯವಾದದ್ದು. ರೋಮಿನ ಪ್ಯಾಂಥಿಯಾನ್ 2023ರ ಜುಲೈನಲ್ಲಿ ಹಿಡಿದ ದಾರಿ ನನಗೆ ಒಪ್ಪಿತ: ನೋಡಲು ಬರುವವರಿಗೆ ಟಿಕೆಟ್, ಪೂಜೆಗೆ ಬರುವವರಿಗೂ ಊರವರಿಗೂ ಇಲ್ಲ. ಯಾರ ಮನೆಗೆ ಯಾರು ಬಂದಿದ್ದಾರೆ ಎಂಬುದು ಅಲ್ಲಿ ಬಾಗಿಲಲ್ಲೇ ಇತ್ಯರ್ಥವಾಗುತ್ತದೆ.

ಒಳ್ಳೆಯ ಅತಿಥಿಯ ಕಣ್ಣು ಹೇಗಿರಬೇಕೆಂಬುದಕ್ಕೆ ರೋಮಿನವನೊಬ್ಬನೇ ನಮ್ಮ ನೆಲದಲ್ಲಿ ಮಾದರಿ ಬಿಟ್ಟುಹೋಗಿದ್ದಾನೆ. ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರಿಯ ಜತೆಗೂಡಿ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಬಂದ. ಅವನೂ ಹಳೆಯ ಕಲ್ಲುಗಳ ಮೋಹಿಯೇ; ಬ್ಯಾಬಿಲೋನಿನ ಇಟ್ಟಿಗೆಗಳನ್ನು ಯುರೋಪಿಗೆ ಹೊತ್ತವನು. ಆದರೆ ಇಲ್ಲಿ ಅವನ ಪತ್ರಗಳಲ್ಲಿ ಕಳೆಗಟ್ಟುವುದು ಗುಡಿಯ ಜಗಲಿಯಲ್ಲಿ ಕೂತು, ನೆಲಕ್ಕೆ ಮರಳು ಹರಡಿ, ಬೆರಳಲ್ಲಿ ಅಂಕಿ ಬರೆಯುತ್ತ ರಾಗವಾಗಿ ಮಗ್ಗಿ ಒಪ್ಪಿಸುವ ಹುಡುಗರು. ಮುಂದೆ ಕರಾವಳಿಗಿಳಿದಾಗ ಉಳ್ಳಾಲದ ರಾಣಿಯನ್ನು ಬೀದಿಯಲ್ಲೇ ಕಂಡ. ಹೊಲಗಳಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಆಕೆ ನಡೆದುಕೊಂಡೇ ಹೊರಟಿದ್ದಳು. ನೋಡಿದರೆ ಅಡುಗೆಯವಳಂತೆ, ಮಾತಾಡಿದರೆ ಅರಸಿ ಎಂಬ ಭಾವ ಬರುವಂತೆ ಅವನು ಬರೆದಿದ್ದಾನೆ. ನಾಲ್ಕುನೂರು ವರ್ಷಗಳ ಹಿಂದಿನ ಕನ್ನಡ ನಾಡಿನ ನಿತ್ಯದ ಬದುಕು ನಮಗೆ ಇಷ್ಟು ಹತ್ತಿರದಿಂದ ಸಿಗುವುದು ಒಬ್ಬ ಪ್ರವಾಸಿ ಬರೀ ಅರಮನೆಯ ಕಂಬ ಎಣಿಸದೆ ಇದ್ದುದರಿಂದ.

ಅವನ ಸಮಾಧಿ ರೋಮಿನ ಕ್ಯಾಪಿಟೊಲಿನ್ ಗುಡ್ಡದ ಅರಾಚೇಲಿ ಚರ್ಚಿನಲ್ಲಿದೆ. ದಾರಿಯಲ್ಲಿ ತೀರಿಕೊಂಡ ಹೆಂಡತಿ ಮಾಆನಿಯ ದೇಹವನ್ನು ಅವನು ಕಡಲು ದಾಟಿಸಿ ಒಯ್ದು ಮಣ್ಣು ಮಾಡಿದ್ದೂ ಅಲ್ಲೇ. ಕಡಿದಾದ ಮೆಟ್ಟಿಲು ಹತ್ತಿ ನಾನು ಅಲ್ಲಿಗೆ ತಲುಪಿದಾಗ ಸಂಜೆಯಾಗಿತ್ತು. ಪೂಜೆ ಮುಗಿದು ಹೆಂಗಸೊಬ್ಬರು ನೆಲ ಒರೆಸುತ್ತಿದ್ದರು. ಕೆಮರಾ ಒಳಗಿಟ್ಟು, ಅವರು ಒರೆಸಿದ ಕಲ್ಲು ಒಣಗುವ ತನಕ ಬಾಗಿಲಲ್ಲೇ ನಿಂತೆ.