ಕೆರೆ ನುಂಗಿದವರು ಯಾರು? ದಂಡ ತೆತ್ತವರು ಯಾರು?

ಬೆಂಗಳೂರಿನ ಪಕ್ಕದಲ್ಲಿ ದೊಡ್ಡ ನದಿಯೊಂದೂ ಹರಿಯುವುದಿಲ್ಲ. ಆದುದರಿಂದಲೇ ಹಿಂದಿನವರು ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ, ತೂಬಿಟ್ಟು, ಕೋಡಿ ಬಿಟ್ಟು ಕೆರೆಗಳನ್ನು ಕಟ್ಟಿದರು. ಮಡಿವಾಳದ ಕೋಡಿ ನೀರು ಅಗರಕ್ಕೆ, ಅಗರದ್ದು ಬೆಳ್ಳಂದೂರಿಗೆ. ಮಣ್ಣು ಹೊತ್ತವರು ದುಡಿಯುವ ಜನ. ಗದ್ದೆಗೆ ನೀರು ಹಂಚಿದವನು ನೀರಗಂಟಿ.

ಜೆ.ಪಿ. ನಗರದ ಸಾರಕ್ಕಿ ಕೆರೆಯೂ ಹೀಗೆ ಕಟ್ಟಿದ್ದೇ. ದಾಖಲೆಯಲ್ಲಿ ಅದರ ವಿಸ್ತೀರ್ಣ ಸುಮಾರು 82 ಎಕರೆ. 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಯಂತ್ರಗಳೊಡನೆ ಅಲ್ಲಿಗೆ ಹೋಗುವ ವೇಳೆಗೆ 30 ಎಕರೆಗೂ ಮೇಲ್ಪಟ್ಟು ಒತ್ತುವರಿಯಾಗಿತ್ತು. ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಕೆರೆ ಮಾಯ!

ತೆರವು ಆಗಲೇಬೇಕಾಗಿದ್ದ ಕೆಲಸ. ನಾವು ಅದನ್ನು ವಿರೋಧಿಸುವುದಿಲ್ಲ. ಕೆರೆ ಊರಿನ ಸೊತ್ತು. ಆದರೆ ಮನೆ ಕಳೆದುಕೊಂಡವರಲ್ಲಿ ಹಣ ತೆತ್ತು ನಿವೇಶನ ಕೊಂಡ ಸಾಮಾನ್ಯರೂ ಇದ್ದರು. ಕೆರೆ ಒಂದೇ ರಾತ್ರಿಯಲ್ಲಿ ನಿವೇಶನವಾಗುವುದಿಲ್ಲ. ಅಳೆಯುವವನು ಬೇಕು, ಮಾರುವವನು ಬೇಕು, ಕ್ರಯಪತ್ರಕ್ಕೆ ಮುದ್ರೆ ಒತ್ತುವವನು ಬೇಕು, ವಿದ್ಯುತ್ ಕಂಬ ನೆಡಿಸುವವನು ಬೇಕು. ಕೊಂಡವನ ಗೋಡೆ ಉರುಳಿತು. ಇವರ ಗೋಡೆಗಳ ಮುಂದೆ ಯಾವ ಯಂತ್ರ ಹೋಗಿ ನಿಂತಿತು?

ಉಳ್ಳವರ ಕಥೆ ಬೇರೆ. ಕೆರೆಯಂಚಿನಿಂದ 75 ಮೀಟರು ಜಾಗ ಬಿಡಬೇಕೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆಜ್ಞೆ ಮಾಡಿತು. ಕಟ್ಟಡ ಕಂಪನಿಗಳು ಮೇಲ್ಮನವಿ ಹೂಡಿದವು. ನಗರದ ಯೋಜನೆಯನ್ನು ತಿದ್ದುವ ಅಧಿಕಾರ ಮಂಡಳಿಗಿಲ್ಲವೆಂದು ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ರದ್ದುಮಾಡಿತು. ಕಾನೂನಿನ ಮಾತು ಸರಿಯಿರಬಹುದು. ಆದರೆ ಯೋಜನೆ ತಿದ್ದುವ ಅಧಿಕಾರ ಸರ್ಕಾರಕ್ಕಿತ್ತಲ್ಲ! ಇಲ್ಲದವನಿಗೆ ಯಂತ್ರ, ಉಳ್ಳವನಿಗೆ ವಕೀಲ. ಇದು ಯಾವ ನ್ಯಾಯ?

ಬೆಂಗಳೂರಿನ ಕೆರೆಯ ಗೊಡವೆ ನಮ್ಮ ಜಿಲ್ಲೆಗೇಕೆ ಎನ್ನಬೇಡಿ. ತನ್ನ ಕೆರೆಗಳನ್ನು ಕೆಡಿಸಿಕೊಂಡ ನಗರ ಸುಮಾರು ನೂರು ಕಿಲೋಮೀಟರು ದೂರದಿಂದ ಕಾವೇರಿಯನ್ನು ಎತ್ತಿಸಿ ಕುಡಿಯುತ್ತಿದೆ. ಆ ಯೋಜನೆಯ ಐದನೆಯ ಹಂತವೂ 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ನಗರ ಕೆರೆ ಕಳೆದುಕೊಂಡರೆ ಕೊನೆಗೆ ತೆರುವವನು ನಾಲೆಯ ಕೊನೆಯಲ್ಲಿರುವ ರೈತ.

ನಮ್ಮ ಬೇಡಿಕೆಗಳು ಸರಳ. ಕೆರೆ ಮಾರಿದವನಿಂದಲೇ ಹಣ ವಸೂಲಿಮಾಡಿ ಮೋಸಹೋದವನಿಗೆ ಕೊಡಬೇಕು. ತಿಳಿದೂ ಮುದ್ರೆ ಒತ್ತಿದ ಅಧಿಕಾರಿಯನ್ನು ಶಿಕ್ಷಿಸಬೇಕು. ರಾಜಕಾಲುವೆಯೂ ಸೇರಿದಂತೆ ಪ್ರತಿ ಕೆರೆಯ ನಕ್ಷೆಯನ್ನು ಕನ್ನಡದಲ್ಲಿ ಬರೆಸಿ ಏರಿಯ ಮೇಲೆ ನಿಲ್ಲಿಸಬೇಕು. ಓದುಗರೇ, ನಿಮ್ಮೂರ ಕೆರೆಯ ನಕ್ಷೆಯನ್ನು ಈ ವಾರವೇ ತಾಲ್ಲೂಕು ಕಚೇರಿಯಲ್ಲಿ ಕೇಳಿ ಪಡೆಯಿರಿ. ಎಲ್ಲೆ ತಿಳಿದ ಊರಿನ ಕೆರೆಯನ್ನು ಕದಿಯುವುದು ಸುಲಭವಲ್ಲ.