ಚೌತಿಯ ರಜೆ

ಕರ್ಕಿಯಿಂದ ಹೋಗಿ ಬೆಂಗಳೂರಿನ ಅಂಗಡಿಗಳಲ್ಲಿ ದುಡಿವವರಿಗೆ ಚೌತಿಯೆಂದರೆ ಮನೆ ಸೇರುವ ಹಬ್ಬ. ಧಣಿಗಳಾದರೋ ವ್ಯಾಪಾರದ ಭರವೆಂದು ಆ ವಾರದ ರಜೆಯನ್ನೇ ತಡೆದು, ಹಬ್ಬ ಕಳೆದ ಮೇಲೆ ಹೋಗೆಂಬರು. ಊಟ ಮುಗಿದ ಮೇಲೆ ಎಲೆ ಹಾಕಿದರೇನು ಫಲ?

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಯು 20 ದಿನಗಳ ದುಡಿಮೆಗೆ 1 ದಿನದ ಸವೇತನ ರಜೆಯನ್ನು ವಿಧಿಸಿದೆ. ಅದು ದುಡಿದು ಗಳಿಸಿದ್ದು, ಧಣಿಯ ದಾನವಲ್ಲ.

ಎಲ್ಲರೂ ಒಮ್ಮೆಗೇ ಹೊರಟರೆ ಅಂಗಡಿ ನಡೆಯದೆಂಬುದು ನಿಜ. ಅದಕ್ಕೆ ಪರಿಹಾರ ಸರದಿಯೇ ಹೊರತು ನಿಷೇಧವಲ್ಲ. ಈ ವರ್ಷ ಉಳಿದವನು ಮುಂದಿನ ವರ್ಷ ಹೋಗಲಿ. ರೈಲಿನ ಮುಂಗಡ ಟಿಕೇಟು 60 ದಿನ ಮೊದಲೇ ದೊರೆಯುವುದು. ಸರದಿಯನ್ನು ಅದಕ್ಕೂ ಮುಂಚೆ ತಿಳಿಸತಕ್ಕದ್ದು. ಟಿಕೇಟು ತೀರಿದ ಬಳಿಕ ಕೊಟ್ಟ ಒಪ್ಪಿಗೆಯು ನಿರಾಕರಣೆಯೇ ಸೈ.