ಗಾಜಿನ ತಟ್ಟೆಯ ನರಕೋಶ, ಮನೆಯ ಅಜ್ಜಿ

ಎಪ್ಪತ್ತು ದಾಟಿದ ತಾಯಿಯನ್ನು ಮಗ ನನ್ನ ಬಳಿ ಕರೆತಂದಿದ್ದರು. ತಾಯಿಗೆ ಮರೆವು ಹೆಚ್ಚಾಗಿತ್ತು. ಮಗ ಚೀಲದಿಂದ ಎರಡು ಡಬ್ಬಿ ಮಾತ್ರೆ ತೆಗೆದು ಮೇಜಿನ ಮೇಲಿಟ್ಟರು. "ಮೆದುಳಿನ ಕೋಶಗಳಿಗೆ ವಯಸ್ಸಾಗದಂತೆ ಇದು ತಡೆಯುತ್ತದಂತೆ. ಪ್ರಯೋಗಾಲಯದಲ್ಲೇ ಸಾಬೀತಾಗಿದೆಯಂತೆ ಡಾಕ್ಟ್ರೇ" ಎಂದರು. ಇಷ್ಟೊಂದು ಮಾತ್ರೆ ಒಟ್ಟಿಗೆ ಬೇಡವೆಂದು ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಿಬಿಟ್ಟಿದ್ದರು! ಅಂದು ಆಕೆಯ ರಕ್ತದೊತ್ತಡ 180/100 ಇತ್ತು.

"ಪ್ರಯೋಗಾಲಯದಲ್ಲಿ ಸಾಬೀತು" ಎಂದರೇನು? ಸ್ವಲ್ಪ ವಿಚಾರ ಮಾಡೋಣ.

ನಮ್ಮ ಮೆದುಳಿನ ತೂಕ ದೇಹದ ತೂಕದ ಶೇ. 2 ರಷ್ಟು ಮಾತ್ರ. ಆದರೆ ಅದು ಬಳಸುವ ಆಮ್ಲಜನಕ ಸುಮಾರು ಶೇ. 20. ಒಲೆ ಉರಿದಲ್ಲಿ ಕಿಡಿ ಹಾರುವಂತೆ, ಆಮ್ಲಜನಕ ಬಳಕೆಯಾದಲ್ಲಿ 'ಫ್ರೀ ರ‍್ಯಾಡಿಕಲ್' ಎಂಬ ಚುರುಕು ಕಣಗಳು ಹುಟ್ಟುತ್ತವೆ. ಇವುಗಳಿಂದಾಗುವ ಹಾನಿಯೇ ಮುಪ್ಪಿಗೆ ಕಾರಣವೆಂದು ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ವಾದಿಸಿದರು. ಕಿಡಿ ಆರಿಸುವ ವ್ಯವಸ್ಥೆ ದೇಹದಲ್ಲೇ ಇದೆ. ಅದು ಸಾಲದೆ ಹೋದಾಗ ಕೋಶಗಳು ನಲುಗುತ್ತವೆ.

ಇದನ್ನು ಪರೀಕ್ಷಿಸಲು ವಿಜ್ಞಾನಿಗಳು ಎಪ್ಪತ್ತು ವರ್ಷ ಕಾಯಲಾರರು. ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕುತ್ತಾರೆ. ಕೆಲವೇ ಗಂಟೆಗಳಲ್ಲಿ ಕೋಶಗಳು ಸಾಯತೊಡಗುತ್ತವೆ. ಯಾವುದೋ ಒಂದು ವಸ್ತು ಬೆರೆಸಿದಾಗ ಸಾವು ಕಡಿಮೆಯಾದರೆ, ಅದು 'ರಕ್ಷಿಸುತ್ತದೆ' ಎನ್ನುತ್ತಾರೆ. ಹೀಗೆ ಬಹಳವಾಗಿ ಬಳಕೆಯಲ್ಲಿರುವ ಒಂದು ಕೋಶವಂಶ ನಾಲ್ಕು ವರ್ಷದ ಮಗುವಿನ ಕ್ಯಾನ್ಸರಿನಿಂದ ಬಂದದ್ದು. ಕ್ಯಾನ್ಸರ್ ಕೋಶ ವಿಭಜಿಸುತ್ತಲೇ ಇರುತ್ತದೆ. ಅಜ್ಜಿಯ ನರಕೋಶ ವಿಭಜಿಸುವುದಿಲ್ಲ, ಅದಕ್ಕೆ ಹೆಚ್ಚುಕಡಿಮೆ ಅಜ್ಜಿಯಷ್ಟೇ ವಯಸ್ಸು. ಜೊತೆಗೆ ತಟ್ಟೆಯಲ್ಲಿ ಹೊಟ್ಟೆಯಿಲ್ಲ, ಯಕೃತ್ತಿಲ್ಲ, ಮೆದುಳಿಗೆ ಕಾವಲಿರುವ ರಕ್ತನಾಳದ ತಡೆಗೋಡೆಯಿಲ್ಲ.

ಮನುಷ್ಯರಲ್ಲಿ ಏನಾಯಿತು? ವಿಟಮಿನ್ 'ಇ' ಪಾರ್ಕಿನ್ಸನ್ ಕಾಯಿಲೆಯನ್ನು ನಿಧಾನಗೊಳಿಸಲಿಲ್ಲವೆಂದು 800 ರೋಗಿಗಳ ಅಧ್ಯಯನ 1993ರಲ್ಲಿ ತಿಳಿಸಿತು. ಸೌಮ್ಯ ಮರೆವಿನ 769 ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಅದು ಆಲ್ಝೈಮರ್ ಕಾಯಿಲೆಯನ್ನು ತಡೆಯಲಿಲ್ಲ. 2014ರಲ್ಲಿ ಮಾತ್ರ, ಈಗಾಗಲೇ ಆಲ್ಝೈಮರ್ ಇದ್ದವರಲ್ಲಿ ದಿನನಿತ್ಯದ ಕೆಲಸ ಮಾಡುವ ಶಕ್ತಿ ಕುಂದುವುದು ತುಸು ನಿಧಾನವಾಯಿತು. ನೆನಪು ಸುಧಾರಿಸಲಿಲ್ಲ. ಇಂಥ ಮಾತ್ರೆಗಳು ನಿರಪಾಯಕಾರಿ ಎಂಬ ಭರವಸೆಯೂ ಬೇಡ. ಫಿನ್ಲೆಂಡಿನಲ್ಲಿ ಬೀಟಾ ಕ್ಯಾರೊಟಿನ್ ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18 ಹೆಚ್ಚಾಗಿತ್ತೆಂದು 1994ರಲ್ಲಿ ಗೊತ್ತಾಯಿತು.

ಹಾಗೆಂದು ತಟ್ಟೆಯ ಪ್ರಯೋಗ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅದು ಮೊದಲ ಮೆಟ್ಟಿಲು. ಅದನ್ನೇ ಕೊನೆಯ ಮೆಟ್ಟಿಲೆಂದು ಮಾರುವುದು ತಪ್ಪು.

ಮನೆಯ ಹಿರಿಯರಿಗೆ ಮರೆವು ಹೆಚ್ಚಿದರೆ ಮೊದಲು ವೈದ್ಯರಿಗೆ ತೋರಿಸಿ. ಬಿ-12 ಕೊರತೆ, ಥೈರಾಯ್ಡ್ ದೋಷ, ಮನಸ್ಸಿನ ಖಿನ್ನತೆ ಇವುಗಳಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು. ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿರಲಿ. ಕಿವಿ ಮಂದವಾಗಿದ್ದರೆ ಶ್ರವಣ ಸಾಧನ ಕೊಡಿಸಿ. ದಿನವೂ ನಡೆಯಲಿ, ನಾಲ್ಕು ಜನರೊಡನೆ ಮಾತಾಡಲಿ. ಇಂಥ 14 ಅಪಾಯಕಾರಿ ಅಂಶಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು 'ಲ್ಯಾನ್ಸೆಟ್' ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಅಂದಾಜಿಸಿದೆ.

ಆ ತಾಯಿಗೆ ನಿಂತುಹೋಗಿದ್ದ ಮಾತ್ರೆಯನ್ನು ಮತ್ತೆ ಶುರು ಮಾಡಿಸಿದೆ. ಮುಂದಿನ ಸಲ ಯಾರಾದರೂ ನಿಮಗೆ "ಪ್ರಯೋಗದಿಂದ ಸಾಬೀತಾಗಿದೆ" ಎಂದರೆ ದಯವಿಟ್ಟು ಒಂದು ಪ್ರಶ್ನೆ ಕೇಳಿ: ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ?